ಗಿರಣಿಯ ಹಿಂದೆ ಏಳು ಹುಂಜ

ಕುರ್ಕಿಲಂಪಿ
24 ಏಪ್ರಿಲ್ 2018, ಮಂಗಳವಾರ

ಊರಿನ ಜಂಟಿ ಕಾಡಿನ ಸಮಿತಿಯ ಅಧ್ಯಕ್ಷರಾದ ಕೌಕೊ ತೋಲೊನೆನ್ ಅವರಿಗೆ,

ಕಳೆದ ಫೆಬ್ರವರಿ ಹನ್ನೆರಡರಿಂದ ಹದಿನೇಳರವರೆಗೆ, ಆರೇ ದಿನಗಳಲ್ಲಿ, ನೀವು ಪಾಲೋವಾರಾ ಗುಡ್ಡದ ದಕ್ಷಿಣದ ಇಳಿಜಾರನ್ನು ಬೋಳು ಮಾಡಿಸಿದ್ದೀರಿ. ಆ ಆರು ದಿನ ನಾನು ಸೊಂಟದ ಮೂಳೆ ಬದಲಿಸಿಕೊಂಡು ಆಸ್ಪತ್ರೆಯಲ್ಲಿ ಮಲಗಿದ್ದೆ. ನನ್ನ ಮಂಚದ ಪಕ್ಕದ ಮೇಜಿನ ಮೇಲೆ ನೀವು ಕಳಿಸಿದ ಹಳದಿ ಹೂಗಳಿದ್ದವು. ಹೂಗಳ ಜೊತೆಗಿದ್ದ ಚೀಟಿಯಲ್ಲಿ 'ಬೇಗ ಎದ್ದು ಓಡಾಡುವಂತಾಗು' ಎಂದಿತ್ತು.

ಎದ್ದು ಓಡಾಡಿದೆ. ಇವತ್ತು ಬೆಳಗಿನ ಜಾವ, ಹಿಮದ ಮೇಲಿನ ಹೆಪ್ಪು ಇನ್ನೂ ಕಾಲು ತಡೆಯುವಷ್ಟು ಗಟ್ಟಿಯಾಗಿದ್ದಾಗ, ಎರಡು ಕೋಲು ಊರಿಕೊಂಡು ಗುಡ್ಡ ಹತ್ತಿದೆ. ನನ್ನ ಅಪ್ಪನ ಕಾಲದಿಂದ, ಬಹುಶಃ ಅವನ ಅಪ್ಪನ ಕಾಲದಿಂದಲೂ, ಪ್ರತಿ ಏಪ್ರಿಲಿನಲ್ಲಿ ಮೆತ್ಸೊ ಕಾಡುಕೋಳಿಯ ಹುಂಜಗಳು ಸೇರಿ ಕುಣಿಯುತ್ತಿದ್ದ ಜಾಗ ಅದು. ಮುನ್ನೂರು ವರ್ಷದ ಪೈನ್ ಮರಗಳ ಕೆಳಗೆ, ಎಳೆ ಕುರಿಮರಿಯಷ್ಟು ಭಾರದ ಆ ಕಪ್ಪು ಹಕ್ಕಿಗಳು ಬಾಲ ಬಿಚ್ಚಿ, ಕುತ್ತಿಗೆ ಸೆಟೆಸಿ ನಿಲ್ಲುತ್ತಿದ್ದವು. ಕಳೆದ ವರ್ಷ ಏಳಿದ್ದವು.

ಈ ವರ್ಷ ಒಂದು. ಯಂತ್ರದ ಚಕ್ರ ಉತ್ತ ಹಳ್ಳದ ಪಕ್ಕ, ಕಡಿದು ರಾಶಿ ಹಾಕಿದ ಸೊಪ್ಪಿನ ಮೇಲೆ ನಿಂತು ಹಾಡುತ್ತಿತ್ತು. ಕೇಳಲು ಒಂದು ಹೇಂಟೆಯೂ ಇರಲಿಲ್ಲ. ನಾನಿದ್ದೆ.

ಆ ಜಾಗ ಯಾವುದೆಂದು ಬದುಕಿರುವವರಲ್ಲಿ ಇಬ್ಬರಿಗೆ ಗೊತ್ತು. ಒಬ್ಬಳು ಈ ಕಾಗದ ಬರೆಯುತ್ತಿದ್ದಾಳೆ. ಇನ್ನೊಬ್ಬರು ಓದುತ್ತಿದ್ದೀರಿ.

ಯಾವ ಆಧಾರದ ಮೇಲೆ ಕಡಿಸಿದಿರಿ? ಬರಹದಲ್ಲಿ ಉತ್ತರ ಬೇಕು.

ಐಲಾ ಮುಲಾರಿ
ಜಂಟಿ ಕಾಡಿನ ಪಾಲುದಾರಳು


ಕುರ್ಕಿಲಂಪಿ, ಕೆರೆಯ ಆಚೆ ದಡ
2 ಮೇ 2018

ಐಲಾ,

ಏನಿದು 'ನೀವು', 'ಅವರು'? ಒಂದನೇ ತರಗತಿಯಲ್ಲಿ ಒಂದೇ ಬೆಂಚಿನಲ್ಲಿ ಕೂತವರು ನಾವು. ನಿನ್ನ ಲಕೋಟೆಯ ಮೇಲಿನ ವಿಳಾಸ ಓದಿ ನನ್ನ ಹೆಂಡತಿ ಇರ್ಮಾ ಕೇಳಿದಳು: "ಯಾರ್ರೀ ಇದು, ತಹಶೀಲ್ದಾರರಾ?"

ಎಲ್ಲವೂ ನಿಯಮದ ಪ್ರಕಾರವೇ ನಡೆದಿದೆ. ಮೆತ್ಸೊ ಕುಣಿಯುವ ಜಾಗದಲ್ಲಿ ಕೊಡಲಿ ಹಾಕಬಾರದೆಂಬ ನಿಯಮವನ್ನು ಸಮಿತಿಯಲ್ಲಿ ತಂದವನೇ ನಾನು. ಕಡಿಯುವ ಮೊದಲು ಇದ್ದಬದ್ದ ದಾಖಲೆಗಳನ್ನೆಲ್ಲ ನೋಡಿದೆವು. ಪಾಲೋವಾರಾದಲ್ಲಿ ಮೆತ್ಸೊ ಕಂಡಿತೆಂದು ಎಲ್ಲಿಯೂ ಒಂದು ಸಾಲಿಲ್ಲ. ಬೇಕಾದರೆ ಊರಿನ ಸಭಾಮನೆಗೆ ಹೋಗಿ ಕಡತ ನೋಡು.

ಅಳಿಯ ಸಮುಲಿಯ ಕೈಯಲ್ಲಿ ಹೊಗೆ ಹಾಕಿದ ಮೀನು ಕಳಿಸಿದ್ದೇನೆ. ಕೆರೆಯ ಮಂಜುಗಡ್ಡೆ ಇನ್ನೂ ಹೋಗಿಲ್ಲ. ಈ ಸಲದ ಪಂತಕ್ಕೆ ಯಾವ ದಿನ ಅನ್ನುತ್ತೀಯ? ನಾನು ಒಂಬತ್ತು ಅಂದಿದ್ದೇನೆ, ಅಂಗಡಿಯ ಇರಿಯಾ ಹನ್ನೆರಡು ಅನ್ನುತ್ತಾಳೆ. ನೀನು ಬರೆದಿಟ್ಟ ದಿನವೇ ಕೊನೆಯ ಮಾತು, ಯಾವತ್ತಿನ ಹಾಗೆ.

ಕೌಕೊ


ಕುರ್ಕಿಲಂಪಿ
12 ಜೂನ್ 2018

ಕೌಕೊ ತೋಲೊನೆನ್ ಅವರಿಗೆ,

ಮಂಜುಗಡ್ಡೆ ಮೇ ಹನ್ನೊಂದರ ಮಧ್ಯಾಹ್ನ ಹೋಯಿತು. ಕೋಗಿಲೆ ಹದಿನಾಲ್ಕಕ್ಕೆ ಕೂಗಿತು. ನಿಮ್ಮ ಮೀನು ನಿಮ್ಮ ಗೇಟಿಗೆ ವಾಪಸು ತೂಗುಬಿದ್ದದ್ದನ್ನು ನೋಡಿರುತ್ತೀರಿ. ನೋಡುವ ಮೊದಲೇ ಕಾಗೆಗಳು ಕಚ್ಚಿಕೊಂಡು ಹೋಗಿದ್ದರೆ ಅದಕ್ಕೆ ನಾನು ಹೊಣೆಯಲ್ಲ.

ಕಡತ ನೋಡಿದೆ. ಮೂವತ್ತೊಂದು ವರ್ಷ ಗ್ರಂಥಾಲಯದ ಬಸ್ಸು ಓಡಿಸಿ, ನಲವತ್ತೆರಡು ಊರಿಗೆ ಪುಸ್ತಕ ಹಂಚಿದವಳು ನಾನು. ಅಪರಾಧದ ಕಥೆಗಳನ್ನು ಗೋಣಿಗಟ್ಟಲೆ ಓದಿದ್ದೇನೆ. ಇಷ್ಟು ಚೊಕ್ಕವಾದ ಅಪರಾಧವನ್ನು ಯಾವ ಪುಸ್ತಕದಲ್ಲಿಯೂ ಓದಿಲ್ಲ.

ನೀವು ಸಾಕ್ಷಿಯಾಗಿ ಇಟ್ಟಿರುವುದು ನನ್ನದೇ ದಿನಚರಿ. ಮೂವತ್ತೆಂಟು ವರ್ಷದ ಮೂವತ್ತೆಂಟು ಪುಸ್ತಕಗಳು. ಯಾವ ಹಕ್ಕಿ ಯಾವತ್ತು ಬಂತು, ಯಾವ ಮರ ಯಾವತ್ತು ಚಿಗುರಿತು, ಮೊದಲ ಮಂಜು ಯಾವತ್ತು ಬಿತ್ತು, ಎಲ್ಲ. ಊರಿಗಿರಲಿ ಎಂದು ಸಭಾಮನೆಯ ಕಪಾಟಿನಲ್ಲಿ ನಾನೇ ಪ್ರತಿ ಮಾಡಿಸಿ ಇಟ್ಟಿದ್ದೆ. ಅದರಲ್ಲಿ ಪ್ರತಿ ಏಪ್ರಿಲಿನಲ್ಲೂ ಒಂದು ಸಾಲಿದೆ. 'ಹಳೆಯ ಗಿರಣಿಯ ಹಿಂದೆ ಐದು ಹುಂಜ.' 'ಹಳೆಯ ಗಿರಣಿಯ ಹಿಂದೆ ಏಳು ಹುಂಜ.' ಅದರ ಕೆಳಗೆ ನಿಮ್ಮ ಹಸಿರು ಶಾಯಿಯ ಗೆರೆ ಇದೆ.

ನಿನ್ನೆ ಗಿರಣಿಯ ಹಿಂದಕ್ಕೂ ಹೋಗಿದ್ದೆ. ಮೊಣಕಾಲುದ್ದ ಕೆಸರು, ಆಲ್ಡರ್ ಪೊದೆ, ಮೋಡದಂಥ ಸೊಳ್ಳೆ. ಅಲ್ಲಿ ಸಮುಲಿ ಒಂದು ಫಲಕ ನೆಡುತ್ತಿದ್ದ.

"ಏನಪ್ಪಾ ಇದು?" ಅಂದೆ.

"ಮೆತ್ಸೊ ಕುಣಿಯೋ ಜಾಗ ಅತ್ತೆ. ಇನ್ಮೇಲೆ ಇಲ್ಲಿ ಒಂದು ಕಡ್ಡೀನೂ ಮುರಿಯೋ ಹಾಗಿಲ್ಲ. ಮಾವ ಏಳೂವರೆ ಎಕರೆ ಬಿಡ್ಸಿದಾರೆ."

"ನೀನು ಇಲ್ಲಿ ಯಾವತ್ತಾದ್ರೂ ಮೆತ್ಸೊ ನೋಡಿದೀಯೇನೋ?"

"ನಾನೆಲ್ಲಿ ನೋಡ್ಲಿ, ಬಾತುಕೋಳಿ ನೋಡಿದೀನಿ. ಆದ್ರೆ ನಿಮ್ ಪುಸ್ತಕದಲ್ಲೇ ಇದೆಯಂತಲ್ಲ. ಐಲಾ ಬರೆದ್ರೆ ಮುಗೀತು, ಅದು ಬೈಬಲ್ಲು ಅಂತಾರೆ ಮಾವ."

ಆ ಹುಡುಗನಿಗೆ ಏನೂ ಗೊತ್ತಿಲ್ಲ. ಕಡಿದ ಯಂತ್ರ ಅವನದು. ಕಡಿಸಿದ ತಲೆ ಅವನದಲ್ಲ.

ನಿಮಗೆ ಗೊತ್ತು. ಈ ಊರಿನಲ್ಲಿ ಹಿಲ್ಲ ಹಣ್ಣು ಸಿಗುವ ಜೌಗು ಯಾವುದೆಂದು ಹೆತ್ತ ಮಗಳಿಗೂ ಹೇಳುವುದಿಲ್ಲ. ಕೇಳಿದರೆ ಪಡುವಣ ತೋರಿಸಿ ಮೂಡಣಕ್ಕೆ ಹೋಗುತ್ತಾರೆ. ಕುಣಿಯುವ ಹುಂಜದ ಜಾಗವಂತೂ ಸರಿಯೇ. ಹಾಡಿನ ಕೊನೆಯ ತುಣುಕಿನಲ್ಲಿ, ಕತ್ತಿ ಮಸೆದಂತೆ ಸದ್ದು ಬರುವಾಗ, ಆ ಹಕ್ಕಿಗೆ ಏನೂ ಕೇಳಿಸುವುದಿಲ್ಲ. ಕೋವಿ ಹಿಡಿದವರು ಆ ಗಳಿಗೆಯಲ್ಲಿ ಎರಡು ಹೆಜ್ಜೆ ಮುಂದಿಡುತ್ತಿದ್ದರು. ಅದಕ್ಕೇ ಅಪ್ಪ ನನಗೆ ಮೊದಲ ಪುಸ್ತಕ ಕೊಡಿಸಿದಾಗ, "ನೋಡಿದ್ದನ್ನೆಲ್ಲ ಬರಿ ಮಗಾ. ಹುಂಜ ನೋಡಿದ್ ಜಾಗ ಮಾತ್ರ ತಪ್ಪು ಬರಿ," ಅಂದಿದ್ದ. ತಪ್ಪು ಬರೆದೆ. ಮೂವತ್ತೆಂಟು ಸಲ.

ಗಿರಣಿ ಎಂದರೆ ಪಾಲೋವಾರಾ ಎಂದು ನಾನು ಹೇಳಿದ್ದು ಒಬ್ಬನಿಗೆ. 1984ರ ಏಪ್ರಿಲ್ ಇಪ್ಪತ್ತೆರಡು, ಈಸ್ಟರ್ ಭಾನುವಾರ. ಒಂದೇ ಫ್ಲಾಸ್ಕಿನ ಮುಚ್ಚಳದಲ್ಲಿ ಇಬ್ಬರೂ ಕಾಫಿ ಕುಡಿದಿದ್ದೆವು. ನೀವು ಮರೆತಿರಬಹುದು. ಆ ವರ್ಷದ ಪುಸ್ತಕದಲ್ಲಿ 'ಹಳೆಯ ಗಿರಣಿಯ ಹಿಂದೆ ಒಂಬತ್ತು ಹುಂಜ' ಎಂದಷ್ಟೇ ಇದೆ, ಉಳಿದದ್ದನ್ನು ಬರೆದಿಲ್ಲ.

ಐಲಾ ಮುಲಾರಿ


ಕುರ್ಕಿಲಂಪಿ
6 ಆಗಸ್ಟ್ 2018

ಕೌಕೊ ತೋಲೊನೆನ್ ಅವರಿಗೆ,

ಎರಡು ತಿಂಗಳಾಯಿತು, ಉತ್ತರವಿಲ್ಲ. ಈ ಬೇಸಿಗೆ ಜೌಗು ಒಣಗಿ ಬಿರುಕು ಬಿಟ್ಟಿದೆ. ಹಿಲ್ಲ ಹಣ್ಣು ಬಟ್ಟಲಿನಷ್ಟೂ ಸಿಗಲಿಲ್ಲ. ಮೊನ್ನೆ ಅಂಗಡಿಯ ಮುಂದೆ ಕಾಫಿ ಕುಡಿಯುತ್ತಿದ್ದವರ ಎದುರು ನಿಮ್ಮ ಹೆಸರು ಎತ್ತಿದೆ. ಪಾಲೋವಾರಾ ನಿಜವಾದ ಜಾಗ, ಗಿರಣಿ ಸುಳ್ಳು ಎಂದೆ. ಏನಾಯಿತು ಗೊತ್ತೆ? ಎಲ್ಲರೂ ನಕ್ಕರು.

ಇರಿಯಾ ಕಣ್ಣು ಹೊಡೆದು, "ಐಲಾ, ಹಾಗಾದ್ರೆ ಈ ಸಲ ಹಿಲ್ಲ ಗಿರಣಿ ಹಿಂದೆ ಆಗಿದೆಯೇನೇ?" ಅಂದಳು.

"ಅಯ್ಯೋ ಬಿಡ್ರೇ," ಅಂದಳು ಟ್ರಾಕ್ಟರಿನವನ ಹೆಂಡತಿ, "ನಾಳೆ ಕೆರೆ ಮಂಜುಗಡ್ಡೇನೂ ಬೇರೆ ಊರಿಂದು ಅಂತಾಳೆ."

"ಅಲ್ಲಾ, ಬರೆದಿದ್ ಸುಳ್ಳೋ, ಹೇಳ್ತಿರೋದ್ ಸುಳ್ಳೋ? ಅದನ್ನಾದ್ರೂ ಒಂದ್ ಕಡೆ ಬರೆದಿಡು ಮಾರಾಯ್ತಿ!" ಅಂದಳು ಇನ್ನೊಬ್ಬಳು.

ಅವರ ಮೇಲೆ ನನಗೆ ಸಿಟ್ಟಿಲ್ಲ. ನಾನು ಅವರ ಜಾಗದಲ್ಲಿದ್ದರೂ ನಕ್ಕಿರುತ್ತಿದ್ದೆ. ಇದನ್ನು ನೀವು ಮೊದಲೇ ಊಹಿಸಿದ್ದಿರಿ. ನಾನು ಬಾಯಿ ಬಿಟ್ಟರೆ ನನ್ನ ಪುಸ್ತಕ ಸುಳ್ಳಾಗುತ್ತದೆ, ಪುಸ್ತಕ ನಿಜವಾದರೆ ನಾನು ಬಾಯಿ ಮುಚ್ಚಿಕೊಂಡಿರಬೇಕು. ಇಂಥ ಬೋನು ಹೆಣೆಯಲು ನಿಮಗೆ ಎಷ್ಟು ದಿನ ಬೇಕಾಯಿತು? ಆ ಹಳದಿ ಹೂಗಳನ್ನು ಕಳಿಸುವ ಮೊದಲೋ, ಆಮೇಲೋ?

ಒಂದು ಮಾತು ನೆನಪಿಟ್ಟುಕೊಳ್ಳಿ. ನಾನು ಮರೆಯುವವಳಲ್ಲ. 1966ರಲ್ಲಿ ಶಾಲೆಯ ಸೌದೆ ಮನೆಗೆ ಬೆಂಕಿ ತಗುಲಿಸಿದವನು ಯಾರೆಂದು ಇವತ್ತಿಗೂ ಹೇಳಬಲ್ಲೆ. ಬೆತ್ತದೇಟು ತಿಂದವನು ಬೇರೆ. ಅವತ್ತೂ ನೀವು ಸುಮ್ಮನಿದ್ದಿರಿ.

ಐಲಾ ಮುಲಾರಿ


ಕುರ್ಕಿಲಂಪಿ, ಕೆರೆಯ ಆಚೆ ದಡ
7 ಅಕ್ಟೋಬರ್ 2018

ಐಲಾ,

ಉತ್ತರ ಬರೆಯಬಾರದು ಅಂದುಕೊಂಡಿದ್ದೆ. ಇವತ್ತು ಹಂಸಗಳು ದಕ್ಷಿಣಕ್ಕೆ ಹೊರಟವು. ಕೆರೆಯ ಮೇಲೆ ಮೂರು ಸುತ್ತು ಹಾಕಿ ನಿನ್ನ ಮನೆಯ ಮೇಲಿಂದಲೇ ಹೋದವು. ಹೊರಗೆ ನಿಂತು ಪುಸ್ತಕದಲ್ಲಿ ಬರೆದುಕೊಳ್ಳುತ್ತಿರುತ್ತೀಯ ಅನಿಸಿತು. ಅದಕ್ಕೆ ಬರೆಯುತ್ತಿದ್ದೇನೆ.

ನೀನು ನನ್ನನ್ನು ಕಳ್ಳ ಎನ್ನುವ ಹಾಗೆ ಬರೆದಿದ್ದೀಯ. ಅವತ್ತು ಗುಡ್ಡದ ಮೇಲೆ ನೀನೇನು ಹೇಳಿದೆ, ನೆನಪಿದೆಯೆ? ನನ್ನ ಕೈ ಹಿಡಿದು ಮರದ ತೊಗಟೆಯ ಮೇಲೆ ಇಡಿಸಿ, "ಯಾರಿಗೂ ಹೇಳಲ್ಲ ಅಂತ ಆಣೆ ಮಾಡು," ಅಂದೆ. ಮಾಡಿದೆ. ಹೆಂಡತಿಗೆ ಹೇಳಿಲ್ಲ, ಮಗಳಿಗೆ ಹೇಳಿಲ್ಲ. ಸಮಿತಿಯಲ್ಲಿ ಐದು ಜನ ಕೂತು, ಪಾಲೋವಾರಾದಲ್ಲಿ ಏನಾದರೂ ಇದೆಯೆ ಎಂದು ಕೇಳಿದಾಗಲೂ ಹೇಳಲಿಲ್ಲ. ದಾಖಲೆ ನೋಡಿ ಅಂದೆ. ಅವರು ನೋಡಿದರು. ನಾನು ಒಂದು ಸುಳ್ಳೂ ಆಡಿಲ್ಲ ಐಲಾ. ಸುಳ್ಳು ಬರೆದವಳು ನೀನು. ನಾನು ಮಾತು ಉಳಿಸಿಕೊಂಡವನು.

ಸಮುಲಿಯ ಯಂತ್ರ ಕೆಲಸವಿಲ್ಲದೆ ಒಂದು ಚಳಿಗಾಲವಿಡೀ ಅಂಗಳದಲ್ಲಿ ನಿಂತಿತ್ತು. ಅವರು ಊರು ಬಿಡುತ್ತೇವೆಂದು ಹೊರಟಿದ್ದರು. ಶಾಲೆಯಲ್ಲಿ ಉಳಿದಿರುವುದು ಹನ್ನೊಂದು ಮಕ್ಕಳು, ಅದರಲ್ಲಿ ಎರಡು ನನ್ನ ಮೊಮ್ಮಕ್ಕಳು. ಹುಂಜ ಇನ್ನೊಂದು ಗುಡ್ಡಕ್ಕೆ ಹೋಗುತ್ತದೆ. ಮಕ್ಕಳು ಹೋದರೆ ವಾಪಸು ಬರುವುದಿಲ್ಲ.

ಕೌಕೊ


ಕುರ್ಕಿಲಂಪಿ
13 ಡಿಸೆಂಬರ್ 2018

ಕೌಕೊ ತೋಲೊನೆನ್ ಅವರಿಗೆ,

ಈ ವರ್ಷ ನಿಮ್ಮ ಮನೆಗೆ ಕ್ರಿಸ್ಮಸ್ ಕಾರ್ಡು ಬರುವುದಿಲ್ಲ.

ಸೂರ್ಯ ಹತ್ತಕ್ಕೆ ಮೇಲೆದ್ದು ಎರಡಕ್ಕೆ ಮುಳುಗುತ್ತಿದ್ದಾನೆ. ಹಿಮ ಇಪ್ಪತ್ತೊಂಬತ್ತು ಅಂಗುಲ. ಅಂಗಡಿಯ ಬಾಗಿಲಿಗೆ ನಿಮ್ಮ ಹೊಸ ನೋಟೀಸು ಅಂಟಿಸಿದ್ದಾರೆ: ಪಾಲೋವಾರಾದ ಉತ್ತರದ ಇಳಿಜಾರನ್ನೂ ಕಡಿಯುವ ವಿಷಯ, ಏಪ್ರಿಲ್ ಇಪ್ಪತ್ತೇಳರ ಪಾಲುದಾರರ ಸಭೆಯಲ್ಲಿ ತೀರ್ಮಾನ. ಅಳಿದುಳಿದ ಹುಂಜಗಳು ಸೇರಿಕೊಂಡಿರುವುದು ಆ ಇಳಿಜಾರಿನಲ್ಲೇ. ಮೂರು ಇವೆ, ನಾನು ಹೆಜ್ಜೆ ನೋಡಿದ್ದೇನೆ. ಬೇರೆ ಗುಡ್ಡಕ್ಕೆ ಹೋಗುತ್ತವೆ ಎಂದಿರಿ. ಬೇರೆ ಗುಡ್ಡ ಯಾವುದು? ಸುತ್ತಲ ಐದನ್ನೂ ನಿಮ್ಮ ಸಮಿತಿ ಈಗಾಗಲೇ ಬೋಳಿಸಿದೆ.

ಮಾತು ಉಳಿಸಿಕೊಂಡೆ ಎಂದು ಬರೆದಿದ್ದೀರಿ. ಆ ಸಾಲನ್ನು ಎರಡು ತಿಂಗಳಿನಿಂದ ಓದುತ್ತಿದ್ದೇನೆ. ನಾನೇ ಕೈಯಾರೆ ಕೊಟ್ಟ ಬೀಗದಿಂದ ನನ್ನನ್ನೇ ಕೂಡಿಹಾಕಿದಿರಿ. ಆಗಲಿ. ಬೀಗ ನನ್ನದಾದರೆ ಕೀಲಿಕೈಯೂ ನನ್ನ ಹತ್ತಿರವೇ ಇರಬೇಕು. ಹುಡುಕುತ್ತಿದ್ದೇನೆ.

ಐಲಾ ಮುಲಾರಿ


ಕುರ್ಕಿಲಂಪಿ, ಕೆರೆಯ ಆಚೆ ದಡ
10 ಏಪ್ರಿಲ್ 2019

ಐಲಾ,

ನಗಬೇಡ. ಊರೆಲ್ಲ ನಕ್ಕಾಗಿದೆ, ನಿನ್ನ ಕಿವಿಗೂ ಬಿದ್ದಿರುತ್ತದೆ. ಆದರೂ ನೇರವಾಗಿ ಕೇಳುತ್ತೇನೆ, ಏಕೆಂದರೆ ಹಕ್ಕಿಯ ವಿಷಯ ನಿನಗಿಂತ ಹೆಚ್ಚು ಬಲ್ಲವರು ಇಲ್ಲಿಲ್ಲ.

ಹತ್ತು ದಿನದಿಂದ ನನ್ನ ಅಂಗಳದಲ್ಲಿ ಒಂದು ಹುಚ್ಚು ಮೆತ್ಸೊ ಬೀಡುಬಿಟ್ಟಿದೆ. ಸೌದೆ ರಾಶಿಯ ಮೇಲೆ ನಿಂತು ಬೆಳಗಿನಿಂದ ಬಾಲ ಬಿಚ್ಚಿ ಹಾಡುತ್ತದೆ. ನಾನು ಹೊರಗೆ ಕಾಲಿಟ್ಟರೆ ಸಾಕು, ಹಾರಿ ಬಂದು ಮೊಣಕಾಲಿಗೆ ಕುಕ್ಕುತ್ತದೆ. ಇರ್ಮಾಳನ್ನು ಏನೂ ಮಾಡುವುದಿಲ್ಲ, ಸಮುಲಿಯನ್ನೂ ಇಲ್ಲ, ನನ್ನನ್ನೇ! ಅಂಚೆಪೆಟ್ಟಿಗೆಯವರೆಗೆ ಹೋಗಲು ಕಸದ ಡಬ್ಬಿಯ ಮುಚ್ಚಳ ಗುರಾಣಿಯ ಹಾಗೆ ಹಿಡಿಯುತ್ತೇನೆ. ಅಂಚೆಯವಳು ಗಾಡಿ ನಿಲ್ಲಿಸಿ ಫೋಟೋ ತೆಗೆದಳು. "ಅಧ್ಯಕ್ಷ್ರೇ, ಏನಂತೆ ಅದರ ಅರ್ಜಿ?" ಅಂದಳು. ಅಂಗಡಿಯಲ್ಲಿ ಇರಿಯಾ ಕೇಳಿದಳು: "ಗಿರಣಿ ಕಡೆಯಿಂದ ಬಂತಾ ಕೌಕೊ? ಅಲ್ಲಿಂದ ನಿನ್ ಮನೆಗೆ ಎಂಟು ಮೈಲಿ, ಪಾಪ ನಡ್ಕೊಂಡ್ ಬಂತಾ? ಪಾಲೋವಾರಾದಿಂದಾದ್ರೆ ಬರೀ ಒಂದೇ ಮೈಲಿ, ಅಲ್ವಾ?" ನಾನು ಹಾಲು ತೆಗೆದುಕೊಂಡು ಬಂದುಬಿಟ್ಟೆ.

ಈ ತಿಂಗಳಲ್ಲಿ ಕೊಲ್ಲುವ ಹಾಗಿಲ್ಲ. ಇದನ್ನು ಓಡಿಸುವುದು ಹೇಗೆ?

ಇನ್ನೊಂದು ಮಾತು, ಸ್ನೇಹದಿಂದ. ಇಪ್ಪತ್ತೇಳರ ಸಭೆಯಲ್ಲಿ ನೀನು ಮಾತನಾಡಲು ಹೆಸರು ಕೊಟ್ಟಿದ್ದೀಯ ಎಂದು ಕೇಳಿದೆ. ಯೋಚಿಸಿ ನೋಡು. ವಿಶ್ವವಿದ್ಯಾಲಯದ ಆ ಹುಡುಗಿ ನಿನ್ನ ಪುಸ್ತಕಗಳಿಂದ ಮಂಜುಗಡ್ಡೆ, ಚಿಗುರು, ಹಕ್ಕಿಗಳ ದಿನಾಂಕಗಳನ್ನೆಲ್ಲ ಬರೆದುಕೊಂಡು ಹೋಗುತ್ತಿದ್ದಾಳೆ. ಒಂದು ಸಾಲು ಸುಳ್ಳು ಎಂದರೆ ಉಳಿದದ್ದನ್ನು ಯಾರು ನಂಬುತ್ತಾರೆ? ನಿನ್ನ ಬದುಕೇ ಆ ಪುಸ್ತಕಗಳಲ್ಲವೆ?

ಕೌಕೊ


ಕುರ್ಕಿಲಂಪಿ
20 ಏಪ್ರಿಲ್ 2019, ಶನಿವಾರ

ಕೌಕೊ,

ಈ ಕಾಗದದ ಒಂದು ಪ್ರತಿ ಅಂಗಡಿಯ ಬಾಗಿಲ ಮೇಲಿದೆ, ನಿನ್ನ ನೋಟೀಸಿನ ಪಕ್ಕದಲ್ಲೇ. ಇನ್ನೊಂದು ಸಭಾಮನೆಯ ಕಪಾಟಿನಲ್ಲಿ, ನನ್ನ ಪುಸ್ತಕಗಳ ಮುಂದೆ. ಮೂರನೆಯದನ್ನು ವಿಶ್ವವಿದ್ಯಾಲಯದ ಹುಡುಗಿಗೆ ಇವತ್ತೇ ಕಳಿಸಿದ್ದೇನೆ. 'ನೀವು' ಎನ್ನುವುದನ್ನು ಬಿಟ್ಟಿದ್ದೇನೆ. ಅದರ ಕೆಲಸ ಮುಗಿಯಿತು. ಇನ್ನು ನಾವಿಬ್ಬರೂ ಊರಿನ ಎದುರು ಒಂದೇ ಬೆಂಚಿನಲ್ಲಿ ಕೂರುವವರು.

ಮೊದಲು ನಿನ್ನ ಹುಂಜದ ಮಾತು. ಅದಕ್ಕೆ ಹುಚ್ಚು ಹಿಡಿದಿಲ್ಲ. ಕುಣಿಯುವ ನೆಲ ಕಳೆದುಕೊಂಡ ಹುಂಜ ಹೀಗೇ ಯಾವುದಾದರೂ ಅಂಗಳವನ್ನು ತನ್ನದೆನ್ನುತ್ತದೆ, ಅಲ್ಲಿ ಓಡಾಡುವವನೊಬ್ಬನನ್ನು ಎದುರಾಳಿಯೆಂದು ಆರಿಸಿಕೊಳ್ಳುತ್ತದೆ. ಯಾರನ್ನು, ಯಾಕೆ, ಎಂದು ಯಾವ ಪುಸ್ತಕವೂ ಹೇಳುವುದಿಲ್ಲ. ಓಡಿಸಲು ಉಪಾಯವಿಲ್ಲ. ಮೇ ಕೊನೆಯವರೆಗೆ ಇರುತ್ತದೆ. ಮುಚ್ಚಳ ಭದ್ರವಾಗಿ ಹಿಡಿ. ನಾನು ನಗಲಿಲ್ಲ ಎಂದು ಸುಳ್ಳು ಹೇಳುವುದಿಲ್ಲ. ಕಾಫಿ ಮೂಗಿಗೆ ಹತ್ತುವಷ್ಟು ನಕ್ಕೆ. ಒಂದು ವರ್ಷದಿಂದ ನಿನಗೆ ಏನೇನು ಆಗಲಿ ಎಂದು ಹಾರೈಸಿದ್ದೆನೋ ಅವುಗಳಲ್ಲಿ ಇಷ್ಟು ಚೆನ್ನಾದದ್ದು ನನಗೆ ಹೊಳೆದೇ ಇರಲಿಲ್ಲ.

ಈಗ ಪುಸ್ತಕದ ಮಾತು. ಊರಿನವರೆಲ್ಲ ಓದಲೆಂದು ಬರೆಯುತ್ತಿದ್ದೇನೆ: ನನ್ನ ದಿನಚರಿಯಲ್ಲಿ 1980ರಿಂದ 2017ರವರೆಗೆ ಪ್ರತಿ ಏಪ್ರಿಲಿನಲ್ಲಿ 'ಗಿರಣಿಯ ಹಿಂದೆ' ಎಂದು ಬರೆದದ್ದು ಸುಳ್ಳು. ಎಣಿಸಿದ ಹುಂಜಗಳು ನಿಜ, ಜಾಗ ಸುಳ್ಳು. ಆ ಹಕ್ಕಿಗಳನ್ನು ಕೋವಿಯಿಂದ ಕಾಪಾಡಲು ಬರೆದೆ. ಕೋವಿಗಳ ಕಾಲ ಮುಗಿದು ಯಂತ್ರಗಳ ಕಾಲ ಬಂದದ್ದನ್ನು ನೋಡಿಯೂ ಬದಲಿಸಲಿಲ್ಲ. ಯಂತ್ರಕ್ಕೆ ಜಾಗ ಹೇಳಿದ್ದರೆ ಉಳಿಯುತ್ತಿತ್ತು, ಮುಚ್ಚಿಟ್ಟೆ, ಹೋಯಿತು. ಇದು ನನ್ನ ತಪ್ಪು. ಇದರ ಅರ್ಧ ಭಾರವನ್ನೂ ನಿನ್ನ ಮೇಲೆ ಹಾಕುವುದಿಲ್ಲ.

ನನ್ನ ಬದುಕೇ ಆ ಪುಸ್ತಕ ಎಂದೆ ನೀನು. ಹೌದು. ಆ ಹುಡುಗಿ ಇನ್ನು ಆ ಮೂವತ್ತೆಂಟು ವರ್ಷವನ್ನೂ ಕಸದ ಬುಟ್ಟಿಗೆ ಹಾಕಬಹುದು. ಮಂಜುಗಡ್ಡೆ ಹೋದ ದಿನಗಳು, ಹಂಸ ಬಂದ ದಿನಗಳು, ಅಪ್ಪ ಸತ್ತ ಬೆಳಿಗ್ಗೆ ಮೊದಲ ಸಿಪಿಲೆ ಹಕ್ಕಿ ಅಂಗಳಕ್ಕಿಳಿದ ದಿನ, ಎಲ್ಲವನ್ನೂ. ಅದನ್ನು ತಡೆಯಬಲ್ಲವನು ಒಬ್ಬನೇ. ಯಾವ ಸಾಲು ಸುಳ್ಳು, ಯಾಕೆ ಸುಳ್ಳು, ಉಳಿದದ್ದೆಲ್ಲ ನಿಜ ಎಂದು ಹೇಳಬಲ್ಲ ಇನ್ನೊಬ್ಬ ಸಾಕ್ಷಿ ಈ ಭೂಮಿಯ ಮೇಲೆ ನೀನೊಬ್ಬನೇ. ಪಾಲೋವಾರಾದ ಉತ್ತರದ ಇಳಿಜಾರಿಗೂ ನೀನೇ. ಬೆದರಿಸಿ ನನ್ನನ್ನು ಸುಮ್ಮನಿರಿಸಬಹುದು ಎಂದುಕೊಂಡೆ ನೀನು. ನೀನು ಯಾವುದನ್ನು ಸುಡುತ್ತೇನೆ ಎಂದೆಯೋ ಅದಕ್ಕೆ ನಾನೇ ಬೆಂಕಿ ಹಚ್ಚಿದ್ದೇನೆ. ಇನ್ನು ನಿನ್ನ ಕೈಯಲ್ಲಿ ಏನಿದೆ?

ಸಮುಲಿ ಮೊನ್ನೆ ಬಂದಿದ್ದ. ಬಾಗಿಲಲ್ಲಿ ಟೋಪಿ ಕೈಯಲ್ಲಿ ಹಿಡಿದು ನಿಂತು, "ಅತ್ತೆ, ಒಂದ್ ಮಾತ್ ಕೇಳ್ತೀನಿ, ಬೈಬೇಡಿ. ನಾನ್ ಕಡಿದಿದ್ದು ಅದೇ ಜಾಗಾನಾ?" ಅಂದ.

"ನಿಮ್ಮ ಮಾವನ್ನ ಕೇಳು," ಅಂದೆ.

"ಕೇಳ್ದೆ. ಸೌದೆ ತರ್ತೀನಿ ಅಂತ ಎದ್ದು ಹೋದ್ರು. ಹುಂಜ ಅಟ್ಟಿಸ್ಕೊಂಡ್ ಬಂತು. ಸೌದೆ ಇಲ್ದೇನೇ ವಾಪಸ್ ಬಂದ್ರು."

ಆ ಮಕ್ಕಳು ಊರು ಬಿಡುವುದು ನನಗೂ ಬೇಡ, ಕೌಕೊ. ಸಮುಲಿಯ ಯಂತ್ರಕ್ಕೆ ಕಡಿಯಲು ಗಿರಣಿಯ ಹಿಂದೆ ಏಳೂವರೆ ಎಕರೆ ಆಲ್ಡರ್ ಪೊದೆ ಇದೆ. ಫಲಕ ಕಿತ್ತು ಅಲ್ಲಿಂದ ಶುರುಮಾಡಲಿ.

ಕೊನೆಗೆ, ಕೀಲಿಕೈ. ಅದು ಸಿಕ್ಕಿತು. 1984ರ ಏಪ್ರಿಲ್ ಇಪ್ಪತ್ತೆರಡರಂದು ನಿನ್ನ ಕೈಯನ್ನು ಪೈನ್ ಮರದ ತೊಗಟೆಯ ಮೇಲೆ ಇಡಿಸಿ ನಾನು ಒಂದು ಆಣೆ ಮಾಡಿಸಿದ್ದೆ. ಆ ಮರ ಈಗಿಲ್ಲ. ಅದರ ಬುಡದ ಮೇಲೆ ಕೂತು ಇದನ್ನು ಪೆನ್ಸಿಲಿನಲ್ಲಿ ಮೊದಲು ಬರೆದೆ. ಮಾಡಿಸಿದವಳು ನಾನು, ಬಿಡಿಸುವವಳೂ ನಾನೇ. ಊರಿನ ಎಲ್ಲರ ಸಾಕ್ಷಿಯಾಗಿ ನಿನ್ನನ್ನು ಆ ಆಣೆಯಿಂದ ಬಿಡುಗಡೆ ಮಾಡಿದ್ದೇನೆ. ಮಾತು ಉಳಿಸಿಕೊಂಡೆ ಎಂಬ ನೆಪ ಇವತ್ತಿನಿಂದ ನಿನಗಿಲ್ಲ.

ಏಪ್ರಿಲ್ ಇಪ್ಪತ್ತೇಳು, ಶನಿವಾರ, ಹನ್ನೆರಡು ಗಂಟೆಗೆ ಸಭಾಮನೆಯಲ್ಲಿ ಎಲ್ಲರೂ ಸೇರುತ್ತಾರೆ. ನೀನು ಅಧ್ಯಕ್ಷರ ಮೇಜಿನ ಹಿಂದೆ ಕೂರಬೇಡ. ಮುಂದೆ ಬಂದು ನಿಲ್ಲು. ನಿನ್ನ ಮೊಮ್ಮಕ್ಕಳೂ ಬರಲಿ. ನಾನು ಕೇಳುವುದು ಒಂದೇ ಪ್ರಶ್ನೆ, ಅದನ್ನು ಈಗಲೇ ಬಾಗಿಲ ಮೇಲೆ ಬರೆದು ಅಂಟಿಸಿದ್ದೇನೆ:

ಅವತ್ತು ಬೆಳಿಗ್ಗೆ ಪಾಲೋವಾರಾದ ಮೇಲೆ ಒಂಬತ್ತು ಹುಂಜ ಕುಣಿದದ್ದನ್ನು ನೀನು ನೋಡಿದೆಯೋ, ಇಲ್ಲವೋ? ಎಲ್ಲರಿಗೂ ಕೇಳುವ ಹಾಗೆ ಹೇಳು.

ಐಲಾ